ಹೊರಟ ದೋಣಿಯ ಎಡಬಲ

ದೋಣಿ ಮಗುಚಿ ಬಿದ್ದರೆ ಯಾರಿಗಾದರೂ ಗೊತ್ತಾಗುತ್ತದೆ. ಹಿಂದುಮುಂದಾಗಿ ನಿಂತರೆ ಮಾತ್ರ ಅದನ್ನು ಕಟ್ಟಿದವರೇ ಬಂದು ಹೇಳಬೇಕಾಗುತ್ತದೆ. ವಸ್ತುಸಂಗ್ರಹಾಲಯದ ಹೊಸ ಕರಾವಳಿ ವಿಭಾಗಕ್ಕೆ ಕಟ್ಟಿದವರು ಬಂದದ್ದು ಸೋಮವಾರ ಬೆಳಿಗ್ಗೆ. ಉದ್ಘಾಟನೆ ಇದ್ದದ್ದು ಶುಕ್ರವಾರ.

ಬಂದವರನ್ನು ಊರಲ್ಲಿ ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಎಪ್ಪತ್ತು ದಾಟಿದ ದೋಣಿ ಬಡಗಿ. ಅವರನ್ನು ಕರೆಸಿದ್ದವಳು ಸಂಗ್ರಹಾಲಯದ ವಸ್ತುಗಳಿಗೆಲ್ಲ ನಂಬರು ಹಾಕಿ ದಪ್ಪ ಪುಸ್ತಕದಲ್ಲಿ ಬರೆದಿಡುವ ಗುಮಾಸ್ತೆ. ಅವಳಿಗೂ ಹೆತ್ತವರು ಇಟ್ಟ ಹೆಸರೊಂದಿತ್ತು, ಆದರೆ ಹದಿನಾಲ್ಕು ವರ್ಷದ ನೌಕರಿಯಲ್ಲಿ ಅದು ಸವೆದು ಹೋಗಿ ಈಗ ಎಲ್ಲರ ಬಾಯಲ್ಲೂ ರಿಜಿಸ್ಟರಮ್ಮ.

“ಒಂದು ಸಲ ಕಣ್ಣಾಡಿಸಿ ಹೋಗಿ ಮೇಸ್ತ್ರಿ. ಫಲಕದಲ್ಲಿ ನಿಮ್ಮ ಹೆಸರು, ನಿಮ್ಮಣ್ಣನ ಹೆಸರು ಸರಿಯಾಗಿದ್ಯಾ ನೋಡಿ. ಗಾಜು ಕೂತ ಮೇಲೆ ಅಕ್ಷರ ತಿದ್ದೋಕಾಗಲ್ಲ” ಎಂದಿದ್ದಳು ಅವಳು.

ಮೇಸ್ತ್ರಿ ಲಂಗರುಗಳ ಸಾಲನ್ನೂ, ಬಲೆಗಳ ಗೋಡೆಯನ್ನೂ, ಯಾವ ಕಡೆ ಇಟ್ಟರೂ ಕಬ್ಬಿಣದ ಕಪಾಟಿನ ಕಡೆಗೇ ಮುಳ್ಳು ತಿರುಗಿಸುವ ಹಿತ್ತಾಳೆಯ ದಿಕ್ಸೂಚಿಯನ್ನೂ ದಾಟಿ ಒಳಗೆ ಬಂದರು. ದೋಣಿಯ ಮುಂದೆ ನಿಂತರು. ಮೂವತ್ತನಾಲ್ಕು ಅಡಿ ಉದ್ದದ ಮರದ ದೋಣಿ. ನೇಯ್ಗೆಯ ಲಾಳಿಯಂತೆ ಎರಡೂ ತುದಿ ಚೂಪು. ಚುಕ್ಕಾಣಿ ಯಾವಾಗಲೋ ಕಳೆದಿತ್ತು, ಪಟದ ಕಂಬ ಕೂರುತ್ತಿದ್ದ ಅಡ್ಡಮರವನ್ನು ಗೆದ್ದಲು ತಿಂದು ಮುಗಿಸಿತ್ತು. ದೋಣಿಯ ಒಂದು ತುದಿಯ ಎದುರಿಗೆ ಗೋಡೆ ತುಂಬ ನೀಲಿ ಸಮುದ್ರದ ಚಿತ್ರ. ಆ ತುದಿಯ ಕೆಳಗೆ ‘ಮುಂಭಾಗ’ ಎಂಬ ಬಾಣ, ಪಕ್ಕದಲ್ಲಿ ‘ಹೊರಟ ದೋಣಿ’ ಎಂಬ ಶೀರ್ಷಿಕೆ. ಎರಡು ಬದಿಗೂ ಒಂದೊಂದು ಫಲಕ: ಬಲಬದಿಯನ್ನು ಕಟ್ಟಿದವರು ಅಣ್ಣ, ಎಡಬದಿಯನ್ನು ಕಟ್ಟಿದವರು ತಮ್ಮ. ಇಬ್ಬರ ಫೋಟೋ, ಹೆಸರು.

ಮೇಸ್ತ್ರಿ ತಮ್ಮ ಫೋಟೋ ನೋಡಿದರು. ಅದರ ಹಿಂದಿನ ಹಲಗೆ ನೋಡಿದರು. ಸುತ್ತು ಹಾಕಿ ಅಣ್ಣನ ಫೋಟೋ ನೋಡಿದರು. ಅದರ ಹಿಂದಿನ ಹಲಗೆಯನ್ನು ಬಹಳ ಹೊತ್ತು ನೋಡಿದರು.

“ಅಕ್ಷರ ಎಲ್ಲ ಸರಿ ಇದೆ ಕಣಮ್ಮಾ. ದೋಣಿ ಉಲ್ಟಾ ಇದೆ.”

“ಅಂದ್ರೆ?”

“ಅಂದ್ರೆ ಅದರ ತಲೆ ಬಾಗಿಲ ಕಡೆ ಇದೆ. ನೀವು ಬಾಲಕ್ಕೆ ಬಾಣ ಹಾಕಿ ಮೆರವಣಿಗೆ ಹೊರಡಿಸಿದ್ದೀರಿ.”

ರಿಜಿಸ್ಟರಮ್ಮ ಮೊದಲು ನಕ್ಕಳು. ಆಮೇಲೆ ಎರಡೂ ಫಲಕಗಳನ್ನು ಇನ್ನೊಮ್ಮೆ ಓದಿದಳು. ‘ಬಲಗಡೆ ಅಣ್ಣ, ಎಡಗಡೆ ನಾನು, ನಮ್ಮಲ್ಲಿ ಹಿರಿಯರದು ಯಾವಾಗಲೂ ಬಲ’ ಎಂದು ಮೇಸ್ತ್ರಿ ಎಂಟು ತಿಂಗಳ ಹಿಂದೆ ತಮ್ಮ ಮನೆಯ ಜಗಲಿಯಲ್ಲಿ ಕೂತು ಹೇಳಿದ್ದನ್ನು ಬರೆದುಕೊಂಡವಳು ಅವಳೇ. ಯಾವುದರ ಬಲ ಎಂದು ಕೇಳಿರಲಿಲ್ಲ. ಬಲ ಎಂದರೆ ಬಲ ಎಂದುಕೊಂಡಿದ್ದಳು.

ತಪ್ಪು ಅವಳಿಗಿಂತ ಮುಂಚೆಯೇ ಆಗಿತ್ತು. ದೋಣಿ ಬಂದಾಗ ಮಳೆ ಬರುವಂತಿತ್ತು. ಅದನ್ನು ಅಂಗಳದಲ್ಲಿ ಬಿಡುವಂತಿರಲಿಲ್ಲ. ನಿರ್ದೇಶಕರು ಅವಸರದಲ್ಲಿ ಆದೇಶ ಬರೆದರು: ‘ಸದರಿ ದೋಣಿಯನ್ನು ಹಿಂದುಮುಂದು ನೋಡದೆ ಕೂಡಲೇ ಒಳಗೆ ಸ್ಥಾಪಿಸತಕ್ಕದ್ದು.’ ಎತ್ತುವ ಕೆಲಸದವರು ಗೋಡೆ ಒಡೆದು, ಹಿಂದೂ ನೋಡದೆ ಮುಂದೂ ನೋಡದೆ ಸ್ಥಾಪಿಸಿದರು. ಆ ಕಚೇರಿಯಿಂದ ಹೊರಟ ಆದೇಶವೊಂದು ಅಕ್ಷರಶಃ ಪಾಲನೆಯಾದದ್ದು ಬಹುಶಃ ಅದೊಂದೇ ಸಲ. ಆಮೇಲೆ ಗೋಡೆ ಕಟ್ಟಿದರು, ಗೋಡೆಯ ಮೇಲೆ ಸಮುದ್ರ ಬರೆಸಿದರು. ಸಮುದ್ರದ ಕಡೆಗಿದ್ದ ತುದಿ ತಾನಾಗಿಯೇ ಮುಂಭಾಗವಾಯಿತು.

“ಅದು ಹಾಳಾಗಿ ಹೋಗಲಿ. ದೋಣಿ ಯಾವ ಕಡೆ ನೋಡಿದ್ರೂ ಈಗ ಅದೇನು ಎಲ್ಲಿಗೂ ಹೋಗಲ್ಲ” ಎಂದರು ಮೇಸ್ತ್ರಿ. “ಆದ್ರೆ ಇಲ್ಲಿ ಬಾ, ಇದನ್ನ ನೋಡು.”

ಅಣ್ಣನ ಫೋಟೋ ಇದ್ದ ಬದಿಯಲ್ಲಿ, ಮೇಲಿಂದ ಮೂರನೇ ಹಲಗೆಯ ನಡುವೆ ಅಂಗೈಯಗಲದ ತೇಪೆಯೊಂದಿತ್ತು. ಬಣ್ಣ ಬೇರೆ, ಎಳೆ ಬೇರೆ, ಅಂಚು ಸೊಟ್ಟ.

“ಇದು ನಾನು ಮಾಡಿದ್ದು. ಹತ್ತೊಂಬತ್ತು ವರ್ಷ ಆಗ, ಇದು ನನ್ನ ಮೊದಲನೇ ದೋಣಿ. ಎರಡು ಬೆರಳು ಗಿಡ್ಡ ಕೊಯ್ದುಬಿಟ್ಟೆ. ಅಣ್ಣ ಬಯ್ಯಲಿಲ್ಲ, ಮೂರು ದಿನ ಮಾತಾಡಲಿಲ್ಲ. ಆಮೇಲೆ, ತೇಪೆ ನೀನೇ ಹಾಕು, ನಾನು ಮುಟ್ಟಲ್ಲ ಅಂದ. ಅದನ್ನ ತಂದು ಅವನ ತಲೆಗೆ ಕಟ್ಟಿದ್ದೀರಲ್ಲ.”

ಆ ಅಣ್ಣ ತೀರಿಕೊಂಡು ಒಂದು ವರ್ಷವಾಗಿತ್ತು. ಶುಕ್ರವಾರದ ಸಭೆಗೆ ಅವರ ಹೆಂಡತಿಯನ್ನು, ಅಂದರೆ ಮೇಸ್ತ್ರಿಯ ಅತ್ತಿಗೆಯನ್ನು, ಶಾಲು ಹೊದಿಸಲು ಕರೆದಿದ್ದರು.

“ಅತ್ತಿಗೆ ಬರೋದ್ರೊಳಗೆ ಸರಿ ಮಾಡ್ಸು. ಎರಡು ಫಲಕ ಅದಲು ಬದಲು ಮಾಡೋಕೆ ಎಷ್ಟು ಹೊತ್ತು ಬೇಕು?”

“ಹತ್ತು ನಿಮಿಷ” ಎಂದಳು ರಿಜಿಸ್ಟರಮ್ಮ. ತಾನು ಯಾವ ಕಚೇರಿಯಲ್ಲಿ ನಿಂತಿದ್ದೇನೆ ಎಂಬುದನ್ನು ಆ ಕ್ಷಣ ಮರೆತಿದ್ದಳು.

ನಿರ್ದೇಶಕರ ಕೋಣೆಯಲ್ಲಿ ಉದ್ಘಾಟನೆಯ ಆಹ್ವಾನ ಪತ್ರಿಕೆಗಳನ್ನು ಲಕೋಟೆಗೆ ಹಾಕುವ ಕೆಲಸ ನಡೆದಿತ್ತು.

“ಸರ್, ದೋಣಿ ಉಲ್ಟಾ ಇದೆ.”

“ಎಷ್ಟು ಉಲ್ಟಾ?”

“ಪೂರ್ತಿ, ಸರ್.”

ಅವರು ಲಕೋಟೆಯ ಅಂಟನ್ನು ಬೆರಳಿಂದ ಒತ್ತಿ, ಅದು ಅಂಟಿತೆಂದು ಖಾತ್ರಿಯಾದ ಮೇಲೆ ತಲೆ ಎತ್ತಿದರು. “ತಿರುಗಿಸೋಕೆ ಗೋಡೆ ಒಡೀಬೇಕು. ಗೋಡೆ ಒಡೆದ್ರೆ ಸಮುದ್ರ ಹೋಗುತ್ತೆ. ಚಿತ್ರದವನು ನಾಲ್ಕು ತಿಂಗಳು ತಗೊಂಡಿದ್ದಾನೆ ಕಣ್ರೀ.”

“ತಿರುಗಿಸೋದು ಬೇಡ ಸರ್. ಫಲಕ ಎರಡು ಬದಲಾಯಿಸಿ, ಬಾಣ ಆ ಕಡೆ ಹಾಕಿದ್ರೆ ಆಯ್ತು.”

“ಆಗ ದೋಣಿ ಸಮುದ್ರಕ್ಕೆ ಬೆನ್ನು ಹಾಕ್ಕೊಂಡು ನಿಂತ ಹಾಗಾಗಲ್ವೇನ್ರೀ?”

“ವಾಪಸ್ ಬರ್ತಾ ಇದೆ ಅಂದ್ಕೊಳ್ಳಿ. ದೋಣಿ ಅಂದ್ಮೇಲೆ ಮನೆಗೆ ಬರಲೂ ಬೇಕಲ್ಲ ಸರ್.”

“‘ಹೊರಟ ದೋಣಿ’ ಅಂತ ಸಮಿತಿ ಒಪ್ಪಿದೆ. ಬರ್ತಾ ಇರೋ ದೋಣಿಗೆ ಒಪ್ಪಿಗೆ ಇಲ್ಲ.” ಅವರು ಇದನ್ನು ತಮಾಷೆಗೆ ಹೇಳಲಿಲ್ಲ. “ಸಮಿತಿ ಹೋದ ತಿಂಗಳು ಸೇರಿತ್ತು. ಇನ್ನು ಐದು ತಿಂಗಳಿಗೆ ಸೇರುತ್ತೆ. ತಿದ್ದುಪಡಿ ಪ್ರಸ್ತಾವನೆ ಬರೆದಿಡಿ. ಅಲ್ಲೀವರೆಗೂ ಯಾರೂ ಏನೂ ಮುಟ್ಟೋ ಹಾಗಿಲ್ಲ.”

“ಅಲ್ಲೀವರೆಗೂ ಅಣ್ಣನ ಹೆಸರು ತಮ್ಮನ ಹಲಗೆ ಮೇಲಿರುತ್ತೆ ಸರ್.”

“ಅಣ್ಣ ತಮ್ಮ ತಾನೇ? ಮನೇಲೇ ಇರುತ್ತಲ್ಲ ಹೆಸರು” ಎಂದು ಅವರು ಮುಂದಿನ ಲಕೋಟೆ ತೆಗೆದುಕೊಂಡರು. ಸ್ವಲ್ಪ ಹೊತ್ತು ಬಿಟ್ಟು, ಅವಳು ಇನ್ನೂ ನಿಂತಿರುವುದನ್ನು ಕಂಡು, “ಬೇಕಿದ್ರೆ ಪ್ರೊಫೆಸರರು ಬುಧವಾರ ಬರ್ತಾರೆ, ಅವರು ಹೇಳಿದ್ರೆ ನೋಡೋಣ” ಎಂದರು.

ಪ್ರೊಫೆಸರರು ಆ ಸಮಿತಿಯ ಪರಿಣತ ಸದಸ್ಯರು. ಕರಾವಳಿಯ ನೌಕೆಗಳ ಬಗ್ಗೆ ಅವರಷ್ಟು ಓದಿದವರು ಸುತ್ತಮುತ್ತ ಇರಲಿಲ್ಲ. ದೋಣಿ ಹತ್ತಿದರೆ ವಾಂತಿಯಾಗುತ್ತದೆ ಎಂದು ಅವರೇ ಒಪ್ಪಿಕೊಳ್ಳುತ್ತಿದ್ದರು. ಬುಧವಾರ ಬಂದವರೇ ಮೇಸ್ತ್ರಿಯ ಎರಡೂ ಕೈ ಹಿಡಿದುಕೊಂಡರು.

“ನಿಮ್ಮ ಬದಿ ನೋಡಿದೆ. ಏನು ನಾಜೂಕು, ಏನು ನಾಜೂಕು. ಬೇಜಾರು ಮಾಡ್ಕೋಬೇಡಿ, ಹೋದವರ ಬಗ್ಗೆ ಹೇಳಬಾರದು, ಆದ್ರೆ ನಿಮ್ಮಣ್ಣನ ಕೈ ನಿಮ್ಮಷ್ಟು ಕೂತಿರಲಿಲ್ಲ. ಶುಕ್ರವಾರ ಭಾಷಣದಲ್ಲೂ ಇದನ್ನ ಹೇಳೋನಿದ್ದೀನಿ. ತಮ್ಮ ಅಣ್ಣನನ್ನ ಮೀರಿಸೋದು ಕಲೆಯ ಚರಿತ್ರೆಯಲ್ಲಿ ಒಂದು ಮುಖ್ಯ ಘಟ್ಟ.”

ಮೇಸ್ತ್ರಿ ಕೈ ಬಿಡಿಸಿಕೊಂಡರು. “ನೀವು ಹೊಗಳ್ತಾ ಇರೋ ಹಲಗೆ ಅವನದ್ದು ಸ್ವಾಮಿ. ನೀವು ಬಯ್ತಾ ಇರೋದು ನಂದು.”

ರಿಜಿಸ್ಟರಮ್ಮ ವಿಷಯ ವಿವರಿಸಿದಳು. ಪ್ರೊಫೆಸರರು ಗಲ್ಲ ಕೆರೆದುಕೊಂಡು ಕೇಳಿದರು. “ಇದಕ್ಕೆ ಆಧಾರ?”

“ನಾನೇ ಕಟ್ಟಿದ್ದು” ಎಂದರು ಮೇಸ್ತ್ರಿ.

“ಅದು ಮೌಖಿಕ. ಬರಹದಲ್ಲಿ ಏನಾದ್ರೂ ಇದ್ಯಾ? ನಕ್ಷೆ, ಪತ್ರ, ಆ ಕಾಲದ ಫೋಟೋ?”

“ಫೋಟೋ ತೆಗೆಯೋರು ಬರ್ತಾರೆ ಅಂತ ಗೊತ್ತಿದ್ರೆ ತೇಪೆ ಹಾಕದ ಹಾಗೆ ಕೊಯ್ತಿದ್ದೆ.” ಮೇಸ್ತ್ರಿ ದೋಣಿಯ ಹತ್ತಿರ ಸರಿದರು. “ಓದೋಕೆ ಏನೂ ಇಲ್ಲ. ಸವರಿ ನೋಡಿ, ಸಾಕು. ಒಂದೊಂದು ಸಾಲಲ್ಲೂ ಹಲಗೆಗೆ ಹಲಗೆ ಓರೆಯಾಗಿ ಸೇರಿಸಿದ್ದೀವಲ್ಲ, ಆ ಸಂದಿನ ಬಾಯಿ ಯಾವಾಗಲೂ ಬಾಲದ ಕಡೆ ಇರಬೇಕು. ಇಲ್ಲದಿದ್ರೆ ಓಡುವಾಗ ನೀರು ಒಳಗೆ ನುಗ್ಗುತ್ತೆ. ಬೆಕ್ಕಿನ ಮೈ ಇದ್ದ ಹಾಗೆ. ತಲೆಯಿಂದ ಸವರಿದ್ರೆ ನುಣುಪು, ಬಾಲದಿಂದ ಸವರಿದ್ರೆ ಚುಚ್ಚುತ್ತೆ. ಎಲ್ಲಿ, ಕೈ ಕೊಡಿ.”

ಪ್ರೊಫೆಸರರು ಕೈ ಚಾಚಿದರು, ಅರ್ಧಕ್ಕೆ ನಿಲ್ಲಿಸಿದರು. ಅವರ ಮೊಣಕೈಯ ಪಕ್ಕದಲ್ಲೇ ‘ವಸ್ತುಗಳನ್ನು ಮುಟ್ಟಬಾರದು’ ಎಂಬ ಬೋರ್ಡು ಇತ್ತು. ಅದನ್ನು ಬರೆಸಿದ ಉಪಸಮಿತಿಗೆ ಅವರೇ ಅಧ್ಯಕ್ಷರಾಗಿದ್ದರು.

ರಿಜಿಸ್ಟರಮ್ಮ ಓಡಿಹೋಗಿ ಹತ್ತಿಯ ಕೈಗವಸು ತಂದಳು. ಅವರು ತೊಟ್ಟುಕೊಂಡು ಬಾಗಿಲ ಕಡೆಯಿಂದ ಸಮುದ್ರದ ಕಡೆಗೆ ಸವರಿದರು. ಕೈ ಜಾರಿಕೊಂಡು ಹೋಯಿತು. ಸಮುದ್ರದ ಕಡೆಯಿಂದ ಬಾಗಿಲಿಗೆ ಸವರಿದರು. ಮೊದಲ ಸಂದಿನಲ್ಲೇ ಗವಸಿನ ನೂಲು ಸಿಕ್ಕಿಕೊಂಡಿತು. ಎಳೆದರು. ನೂಲು ಒಂದು ಗೇಣು ಬಿಚ್ಚಿಕೊಂಡಿತು.

“ನೋಡಿದ್ರಾ” ಎಂದರು ಮೇಸ್ತ್ರಿ.

“ಕುತೂಹಲಕರವಾಗಿದೆ” ಎಂದರು ಪ್ರೊಫೆಸರರು. ಬಿಚ್ಚಿದ ನೂಲನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, “ಖಂಡಿತ ಕುತೂಹಲಕರ. ಇದರ ಮೇಲೆ ಒಂದು ಪ್ರಬಂಧ ಬರೆಯಬಹುದು. ಪ್ರಬಂಧ ಪ್ರಕಟವಾದ್ರೆ ಅದನ್ನ ಆಧಾರವಾಗಿಟ್ಟುಕೊಂಡು ಸಮಿತಿ ತೀರ್ಮಾನ ತಗೋಬಹುದು” ಎಂದರು.

“ಯಾವಾಗ ಪ್ರಕಟವಾಗುತ್ತೆ ಸರ್?” ಎಂದಳು ರಿಜಿಸ್ಟರಮ್ಮ.

“ಬರೆದ ಮೇಲೆ.”

ಗುರುವಾರ ಗಾಜಿನವರು ಬಂದರು. ಸಂಜೆಯ ಹೊತ್ತಿಗೆ ಮೂರು ಕಡೆಯ ಗಾಜು ಆಳೆತ್ತರಕ್ಕೆ ನಿಂತಿತು. ಬಾಗಿಲ ಕಡೆಯದೊಂದು ಬಾಕಿ. ಆ ದಿನ ರಿಜಿಸ್ಟರಮ್ಮ ತನ್ನ ಮೇಜಿನಲ್ಲಿ ಕೂತು ದಪ್ಪ ಪುಸ್ತಕವನ್ನು ತೆಗೆದಳು. ಅದರಲ್ಲಿ ಹನ್ನೊಂದು ಅಂಕಣ. ಹತ್ತನ್ನು ಒಪ್ಪಿಗೆಯಿಲ್ಲದೆ ತಿದ್ದುವಂತಿಲ್ಲ. ಹನ್ನೊಂದನೆಯದು ಷರಾ. ಅದರಲ್ಲಿ ಅವಳು ತನಗೆ ತೋಚಿದ್ದನ್ನು ಬರೆಯಬಹುದಿತ್ತು. ದೋಣಿಯ ತಲೆ ಯಾವುದು, ಬಾಲ ಯಾವುದು, ಯಾವ ಹಲಗೆ ಯಾರದ್ದು ಎಂಬುದನ್ನೆಲ್ಲ ಸಣ್ಣ ಅಕ್ಷರದಲ್ಲಿ ಬರೆದು, ಮಧ್ಯಾಹ್ನ ಬಂದ ಮೇಸ್ತ್ರಿಗೆ ಓದಿ ಹೇಳಿದಳು.

“ಚೆನ್ನಾಗಿದೆ. ಇದನ್ನ ಯಾರು ಓದ್ತಾರೆ?”

“ಕೇಳಿದವರಿಗೆ ತೋರಿಸ್ತೀವಿ.”

“ಯಾರು ಕೇಳ್ತಾರೆ?”

ಹದಿನಾಲ್ಕು ವರ್ಷದಲ್ಲಿ ಆ ಪುಸ್ತಕವನ್ನು ಕೇಳಿಕೊಂಡು ಬಂದವರು ಇಬ್ಬರು. ಒಬ್ಬರು ಲೆಕ್ಕ ತಪಾಸಣೆಯವರು. ಇನ್ನೊಬ್ಬರಿಗೆ ಬೇರೆ ಕಚೇರಿಗೆ ಹೋಗಬೇಕಿತ್ತು.

“ನಾಳೆ ನಾನು ಬರಲ್ಲಮ್ಮ” ಎಂದರು ಮೇಸ್ತ್ರಿ.

“ಹಾಗಂದ್ರೆ ಹೇಗೆ ಮೇಸ್ತ್ರಿ? ನಿಮಗೂ ಶಾಲಿದೆ.”

“ಕಳ್ಳನಿಗೆ ಶಾಲು ಹೊದಿಸೋದನ್ನ ನೋಡೋಕೆ ಅತ್ತಿಗೆ ಒಬ್ರು ಸಾಕು. ಎಲ್ರ ಎದುರಿಗೆ ಆ ಪ್ರೊಫೆಸರು ಮೈಕು ಹಿಡ್ಕೊಂಡು, ನಿಮ್ಮ ಗಂಡನ ಕೈ ಕೂತಿರಲಿಲ್ಲ ಅಂತ ಅವರಿಗೆ ಹೇಳ್ತಾರೆ. ಅವರು ನನ್ನ ಮುಖ ನೋಡ್ತಾರೆ. ನಾನೇನು ಮಾಡ್ಲಿ? ನಗಲಾ?”

ಅವರು ಎದ್ದು ಹೋದರು. ರಿಜಿಸ್ಟರಮ್ಮ ಷರಾ ಅಂಕಣದ ಮೇಲೆ ಒತ್ತುಕಾಗದ ಒತ್ತಿದಳು. ಶಾಯಿ ಆಗಲೇ ಒಣಗಿತ್ತು. ಆದರೂ ಇನ್ನೊಂದು ಸಲ ಒತ್ತಿದಳು.

ಶುಕ್ರವಾರ ಒಂದೂಕಾಲಕ್ಕೆ ನಿರ್ದೇಶಕರು ಊಟಕ್ಕೆ ಮನೆಗೆ ಹೋದರು. ಎರಡೂವರೆಗೆ ಕೊನೆಯ ಗಾಜು ಕೂರಬೇಕಿತ್ತು. ಒಂದು ಇಪ್ಪತ್ತಕ್ಕೆ ರಿಜಿಸ್ಟರಮ್ಮ ಸ್ಕ್ರೂಡ್ರೈವರ್ ಹಿಡಿದು ಗಾಜಿನ ಒಳಗಿದ್ದಳು. ಧೈರ್ಯದ ಕೆಲಸ ಎಂದು ಅವಳಿಗೆ ಅನಿಸಲಿಲ್ಲ. ನಾಲ್ಕು ದಿನದಿಂದ ಎಲ್ಲರೂ ತಲೆದೂಗಿ ನೋಡೋಣ ನೋಡೋಣ ಎಂದದ್ದನ್ನು ಕೇಳಿ ಕೇಳಿ ಅವಳ ತಲೆ ಕೆಟ್ಟಿತ್ತು, ಅಷ್ಟೇ.

ಫಲಕಕ್ಕೆ ನಾಲ್ಕು ಸ್ಕ್ರೂ. ಮೂರು ಬಿಚ್ಚಿಕೊಂಡವು. ನಾಲ್ಕನೆಯದರ ತಲೆ ಸವೆದು ಹೋಗಿತ್ತು. ಡ್ರೈವರ್ ಸುಮ್ಮನೆ ಗಿರಗಿರ ತಿರುಗಿತು. ಹೊರಗೆ ನೆಲದ ಮೇಲೆ ಬುತ್ತಿ ಬಿಚ್ಚಿ ಕೂತಿದ್ದ ಗಾಜಿನವರಲ್ಲಿ ಒಬ್ಬ ಉಣ್ಣುವುದನ್ನು ನಿಲ್ಲಿಸಿ ನೋಡಿದ.

“ಅಮ್ಮಾ, ನಾವೇನೂ ನೋಡಿಲ್ಲ.”

“ನೋಡಿದ್ರೂ ನಿಮಗೇನೂ ಗೊತ್ತಾಗಲ್ಲ. ಊಟ ಮಾಡಿ” ಎಂದಳು ಅವಳು.

ಇನ್ನು ಹೊತ್ತಿಲ್ಲವೆಂದು ಮೇಸ್ತ್ರಿಯ ಮನೆಗೆ ಫೋನು ಮಾಡಲು ಹೊರಗೆ ಬಂದರೆ, ಅವರು ಗೇಟಿನ ಎದುರಿನ ಚಹಾ ಅಂಗಡಿಯಲ್ಲೇ ಇದ್ದರು. ಇಸ್ತ್ರಿ ಮಾಡಿದ ಅಂಗಿ. ಬಗಲಲ್ಲಿ ಬಟ್ಟೆ ಚೀಲ.

“ಬರಲ್ಲ ಅಂದಿದ್ರಿ.”

“ಬಂದಿಲ್ಲವಲ್ಲ. ಚಹಾ ಕುಡೀತಾ ಇದ್ದೀನಿ.”

“ಒಂದು ಸ್ಕ್ರೂ ಬರ್ತಾ ಇಲ್ಲ ಮೇಸ್ತ್ರಿ.”

ಮೇಸ್ತ್ರಿ ಲೋಟ ಕೆಳಗಿಟ್ಟು, ಏನೂ ಕೇಳದೆ ಎದ್ದರು. ಚೀಲದಲ್ಲಿ ಉಳಿ, ಸಣ್ಣ ಸುತ್ತಿಗೆ, ಇಕ್ಕಳ ಇದ್ದವು. ಚಹಾ ಕುಡಿಯಲು ಬಂದವರು ಅವನ್ನೆಲ್ಲ ಯಾಕೆ ತಂದಿದ್ದರೆಂದು ಅವಳೂ ಕೇಳಲಿಲ್ಲ.

ಸವೆದ ಸ್ಕ್ರೂವಿನ ತಲೆಯ ಮೇಲೆ ಉಳಿಯಿಂದ ಹೊಸ ಗೀರು ತೆಗೆದರು. ಸ್ಕ್ರೂ ಬಂತು. ಫಲಕಗಳು ಅತ್ತಿಂದಿತ್ತ ಹೋದವು. ಆದರೆ ಅಣ್ಣನ ಹೆಸರು ಉದ್ದ, ಅದಕ್ಕೆ ಫಲಕವೂ ನಾಲ್ಕು ಬೆರಳು ಉದ್ದ. ಹಳೆಯ ತೂತುಗಳಿಗೆ ಕೂರಲಿಲ್ಲ. ರಿಜಿಸ್ಟರಮ್ಮನಿಗೆ ಅಳು ಬರುವಂತಾಯಿತು.

“ಅಳಬೇಡ. ಅಳತೆ ತಪ್ಪೋದು ನನಗೆ ಹೊಸದೇನಲ್ಲ” ಎಂದು ಮೇಸ್ತ್ರಿ ಫಲಕ ಕೂರುವ ಮರದ ಕಂಬಕ್ಕೆ ಹೊಸ ತೂತು ಕೊರೆಯತೊಡಗಿದರು.

ಕೊನೆಯ ಸ್ಕ್ರೂ ಬಿಗಿಯುತ್ತಿದ್ದಾಗ ಬಾಗಿಲಲ್ಲಿ ಯಾರೋ ಕೆಮ್ಮಿದರು. ಇಬ್ಬರೂ ನಿರ್ದೇಶಕರೆಂದೇ ತಿಳಿದರು. ಬಂದದ್ದು ಅತ್ತಿಗೆ. ನಾಲ್ಕು ಗಂಟೆಯ ಸಭೆಗೆ ಎರಡಕ್ಕೇ ಬಂದಿದ್ದರು. ಮಗಳು ಕೆಲಸಕ್ಕೆ ಹೋಗುವಾಗ ಇಳಿಸಿ ಹೋಗಿದ್ದಳಂತೆ.

“ಏನೋ ಇದು, ಇನ್ನೂ ಮುಗಿದಿಲ್ವಾ ಈ ದೋಣಿ ಕೆಲಸ?” ಎಂದರು ಅವರು ಮೈದುನನಿಗೆ.

“ಮುಗೀತು ಅತ್ತಿಗೆ.”

ಅತ್ತಿಗೆ ಇನ್ನೂ ಗಾಜಿಲ್ಲದ ಕಡೆಯಿಂದ ಒಳಗೆ ಬಂದು, ಮುಟ್ಟಬಾರದು ಎಂಬ ಬೋರ್ಡಿನ ಮೇಲೆ ಕೈಚೀಲ ತೂಗುಹಾಕಿ, ಗಂಡನ ಫೋಟೋದ ಹಿಂದಿನ ಹಲಗೆಯನ್ನು ಉದ್ದಕ್ಕೂ ಸವರಿಕೊಂಡು ನಡೆದರು. ಬಾಗಿಲ ಕಡೆಯಿಂದಲೇ ಶುರುಮಾಡಿದರು. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ಆ ಬದಿಗೆ ಹೋಗಿ ಮೂರನೇ ಹಲಗೆಯ ಹತ್ತಿರ ನಿಂತರು.

“ಇದು ನಿನ್ನದೇ ಅಲ್ವಾ?”

“ಹೂಂ.”

“ಹೆಸರು ಹಾಕದಿದ್ರೂ ಗೊತ್ತಾಗ್ತಿತ್ತು.” ಸೆರಗಿನಿಂದ ಬೆರಳ ಧೂಳು ಒರೆಸಿಕೊಂಡು ರಿಜಿಸ್ಟರಮ್ಮನ ಕಡೆ ತಿರುಗಿದರು. “ಕಚೇರಿಯವರು ಏನಾದ್ರೂ ಎಡವಟ್ಟು ಮಾಡಿರ್ತಾರೆ ಅಂದ್ಕೊಂಡೇ ಬಂದಿದ್ದೆ. ಪರವಾಗಿಲ್ಲ, ಸರಿಯಾಗಿ ಹಾಕಿದ್ದೀರಿ.”

ಎರಡೂವರೆಗೆ ಕೊನೆಯ ಗಾಜು ಕೂತಿತು. ಅಂಚಿಗೆ ಅಂಟು ಸುರಿದು ಮೂಲೆಗಳಿಗೆ ಕಚೇರಿಯ ಮೊಹರು ಒತ್ತಿದರು. ನಾಲ್ಕಕ್ಕೆ ಸಭೆ. ಪ್ರೊಫೆಸರರು ಮೈಕಿನ ಮುಂದೆ ನಿಂತು, ನೆನಪಿಗೆಂದು ಗಾಜಿನೊಳಗಿನ ಫಲಕಗಳ ಕಡೆ ಒಮ್ಮೆ ನೋಡಿ, ಅರೆಕ್ಷಣ ತಡೆದು, “ನಾಜೂಕಿನಲ್ಲಿ ಅಣ್ಣ ತಮ್ಮನಿಗಿಂತ ಬಹಳ ಮುಂದಿದ್ದರು. ಹಿರಿಯನ ಕೈಯನ್ನು ಕಿರಿಯ ಮುಟ್ಟಲಾಗದಿರುವುದು ಕಲೆಯ ಚರಿತ್ರೆಯಲ್ಲಿ ಒಂದು ಮುಖ್ಯ ಘಟ್ಟ” ಎಂದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಮೇಸ್ತ್ರಿ.

ಮರುವಾರ ಸಂದರ್ಶಕರ ಪುಸ್ತಕದಲ್ಲಿ ಒಬ್ಬ ಶಾಲಾ ಮಾಸ್ತರರು ಕೆಂಪು ಶಾಯಿಯಲ್ಲಿ ಬರೆದರು: ‘ಬಾಣ ತೋರಿಸುವ ಮುಂಭಾಗದ ಪ್ರಕಾರ ನೋಡಿದರೆ ನಿಮ್ಮ ಎಡ ಬಲವಾಗಿದೆ, ಬಲ ಎಡವಾಗಿದೆ. ಮಕ್ಕಳ ಮುಂದೆ ಮುಜುಗರವಾಯಿತು.’ ಬಾಣ ಮಾತ್ರ ನೆಲದಲ್ಲಿ ಹೂತ ಹಿತ್ತಾಳೆಯದು. ಅದನ್ನು ಕೀಳಲು ಶುಕ್ರವಾರ ಹೊತ್ತಿರಲಿಲ್ಲ.

ನಿರ್ದೇಶಕರು ಅವಳನ್ನು ಕರೆಸಿದರು. “ಇದು ಯಾರ ಕೆಲಸ?”

“ನಂದು ಸರ್.”

“ತಕ್ಷಣ ಮೊದಲಿನ ಹಾಗೆ ಮಾಡಿ.”

“ಗಾಜು ತೆಗೀಬೇಕು ಸರ್.”

“ತೆಗೆಸಿ.”

“ಮೊಹರು ಒಡೆಯೋಕೆ ಸಮಿತಿ ಒಪ್ಪಿಗೆ ಬೇಕು.”

ನಿರ್ದೇಶಕರು ಸಂದರ್ಶಕರ ಪುಸ್ತಕವನ್ನು ಮುಚ್ಚಿದರು. ಅವರು ಕೆಟ್ಟವರಲ್ಲ. ಆದರೆ ಕೆಂಪು ಶಾಯಿಗೆ ಯಾರಾದರೂ ಉತ್ತರ ಕೊಡಲೇಬೇಕಿತ್ತು. ಅಂದೇ ಮಧ್ಯಾಹ್ನ ರಿಜಿಸ್ಟರಮ್ಮನಿಗೆ ಕಾರಣ ಕೇಳುವ ನೋಟಿಸು ಬಂತು. ಆವಕ ಪತ್ರಗಳಿಗೆ ನಂಬರು ಹಾಕುವವಳೂ ಅವಳೇ ಆದ್ದರಿಂದ ಅದಕ್ಕೆ ನಂಬರು ಹಾಕಿ, ತನ್ನಿಂದ ತಾನೇ ಸಹಿ ಹಾಕಿಸಿಕೊಂಡಳು. ಯಾವ ಫಲಕವನ್ನು ಯಾವ ಬದಿಯಿಂದ ಯಾವ ಬದಿಗೆ ಸ್ಥಳಾಂತರಿಸಿದಿರಿ, ಏಕೆ, ಏಳು ದಿನದೊಳಗೆ ಸ್ಪಷ್ಟವಾಗಿ ತಿಳಿಸತಕ್ಕದ್ದು.

ಅವಳು ಬರೆಯಲು ಕೂತಳು. ‘ಎಡಬದಿಯಲ್ಲಿದ್ದ ಫಲಕವನ್ನು’ ಎಂದು ಶುರುಮಾಡಿ ನಿಲ್ಲಿಸಿದಳು. ಯಾವ ಎಡ? ಕಚೇರಿಯ ಎಡ ಎಂದರೆ ದೋಣಿ ಸರಿಯಾಗಿದೆ ಎಂದು ಒಪ್ಪಿದಂತೆ. ದೋಣಿಯ ಎಡ ಎಂದರೆ ಸಮಿತಿ ಒಪ್ಪದ ಎಡ. ‘ಬಾಗಿಲಿನಿಂದ ಒಳಬಂದಾಗ ನಮ್ಮ ಎಡಕ್ಕೆ’ ಎಂದು ಬರೆದಳು. ಆದರೆ ಆ ವಿಭಾಗಕ್ಕೆ ಪಕ್ಕದಲ್ಲಿ ಇನ್ನೊಂದು ಸಣ್ಣ ಬಾಗಿಲೂ ಇತ್ತು. ಹರಿದಳು. ಐದು ಹಾಳೆ ಹೋದವು. ಆರನೆಯದರಲ್ಲಿ ದಿಕ್ಕುಗಳನ್ನು ಹಾಕಿ ನೋಡಿದಳು. ಕಟ್ಟಡದ ನಕ್ಷೆಯಲ್ಲಿದ್ದ ಉತ್ತರ ದಿಕ್ಕು ಯಾವ ಕಡೆಯದು ಎಂಬುದರ ಬಗ್ಗೆ ಬೇರೊಂದು ಕಡತವೇ ಬಾಕಿ ಇತ್ತು.

ಏಳನೆಯ ದಿನ ಸಂಜೆ, ಕಚೇರಿ ಮುಚ್ಚಲು ಕಾಲು ಗಂಟೆ ಇದ್ದಾಗ, ಅವಳು ಹೊಸ ಹಾಳೆ ತೆಗೆದುಕೊಂಡು ಎರಡು ಸಾಲು ಬರೆದು ಸಹಿ ಮಾಡಿದಳು.

‘ಅಣ್ಣನ ಹೆಸರನ್ನು ಅಣ್ಣ ಕಟ್ಟಿದ ಕಡೆಗೆ ಹಾಕಿದ್ದೇನೆ. ತಮ್ಮನ ಹೆಸರನ್ನು ತಮ್ಮನೇ ಬಂದು ತೇಪೆಯ ಕಡೆಗೆ ಹಾಕಿಕೊಂಡಿದ್ದಾರೆ.’